ಮಡಿವಾಳನ ತಟ್ಟೆಗೆ ಇರುವೆ ಹತ್ತದ ಹಾಗೆ

ಮಡಿವಾಳ ಹಕ್ಕಿಗೆ ಹುಳು ಇಡುವ ತಟ್ಟೆಯಲ್ಲಿ ಇವತ್ತು ಒಂದೂ ಇರುವೆ ಇರಲಿಲ್ಲ! ಹುಳುಗಳು ಜೀವಂತವಾಗಿ ಹೊರಳಾಡುತ್ತಿದ್ದವು. ಗಂಡು ಮಡಿವಾಳ ಬಾಲ ಎತ್ತಿಕೊಂಡು ಬಂದು, ಕೊಕ್ಕಿನ ತುಂಬ ಹುಳು ಹಿಡಿದು ಹಾರಿತು. ಈ ಹುಳು ಮೀಲ್‌ವರ್ಮ್, ಬೂಸಾದಲ್ಲಿ ಸಾಕುವ ಒಂದು ಜಾತಿಯ ಜೀರುಂಡೆಯ ಮರಿಹುಳು. ಅದನ್ನು ಸಾಕುವುದು, ಬೂಸಾ ಜರಡಿ ಹಿಡಿಯುವುದು ಎಲ್ಲ ಬೇರೆ ಕತೆ. ಈ ಸಲ ಬರೀ ಇರುವೆಯ ವಿಷಯ.

ಗೂಡು ಇರುವುದು ಹಿತ್ತಲಿನ ನುಗ್ಗೆಮರದ ಪೊಟರೆಯಲ್ಲಿ. ಮರಿಗಳಿಗೆ ಹುಳುವೇ ಬೇಕು, ಕಾಳು ಆಗುವುದಿಲ್ಲ. ಮೈಸೂರಿನ ಏಪ್ರಿಲ್ ಬಿಸಿಲಿಗೆ ನೆಲ ಕಲ್ಲಾಗಿದೆ, ಎರೆಹುಳು ಮೇಲೆ ಬರುವುದೇ ಇಲ್ಲ. ಹಾಗಾಗಿ ಬೆಳಿಗ್ಗೆ ಒಂದಿಷ್ಟು ಮೀಲ್‌ವರ್ಮ್ ಇಡುತ್ತೇನೆ. ಅವುಗಳಲ್ಲಿ ಸುಣ್ಣದಂಶ ಕಡಿಮೆ ಅಲ್ವಾ, ಮೊಟ್ಟೆ ಚಿಪ್ಪನ್ನು ಬೇಯಿಸಿ, ಒಣಗಿಸಿ, ನುಣ್ಣಗೆ ಪುಡಿ ಮಾಡಿ ಉದುರಿಸುತ್ತೇನೆ. ತಟ್ಟೆ ಇಟ್ಟು ಒಳಗೆ ಬಂದರೆ ಸಾಕು, ಕೆಂಪಿರುವೆ ಸಾಲು ಹಾಜರ್. ಕಚ್ಚಿಸಿಕೊಂಡು ಸತ್ತ ಹುಳುವನ್ನು ಮಡಿವಾಳ ತಿರುಗಿಯೂ ನೋಡುವುದಿಲ್ಲ.

ಇರುವೆ ಚಾಕ್ ಬೇಡವೇ ಬೇಡ. ಅದರಲ್ಲಿರುವುದು ಕೀಟನಾಶಕ. ಆ ಪುಡಿ ತಾಗಿದ ಹುಳು ನೇರ ಮರಿಯ ಬಾಯಿಗೆ ಹೋಗುತ್ತದೆ. ಎಣ್ಣೆ, ಗ್ರೀಸ್ ಕೂಡ ಬೇಡ, ಗರಿಗೆ ಮೆತ್ತಿಕೊಂಡರೆ ಹಕ್ಕಿಗೆ ಕಷ್ಟ. ಅರಿಸಿನ, ಬೂದಿ ಮೊದಲ ಗಾಳಿಗೇ ಹಾರಿಹೋಗುತ್ತವೆ. ಉಳಿದದ್ದು ನೀರು. ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು ಇಟ್ಟರೆ ಪಕ್ಕದ ಮನೆ ಬೆಕ್ಕಿಗೆ ತಟ್ಟೆ ಸುಲಭವಾಗಿ ಸಿಗುತ್ತದೆ. ಆದ್ದರಿಂದ ಕೊಂಬೆಯಿಂದ ತಂತಿಯಲ್ಲಿ ತೂಗುಹಾಕಿ, ನಡುವೆ ತೆಂಗಿನ ಕರಟ ಪೋಣಿಸಿದೆ. ಕರಟದ ಕಣ್ಣಿನಲ್ಲಿ ತಂತಿ ದಾಟಿಸಿ, ಸುತ್ತ ಎಂ-ಸೀಲ್ ಅಂಟು ಮೆತ್ತಿ, ಪೂರ್ತಿ ಒಣಗಿದ ಮೇಲೆ ನೀರು ತುಂಬಿದರೆ ಆಯಿತು. ತಂತಿ ಹಿಡಿದು ಇಳಿದ ಇರುವೆಗೆ ನೀರು ದಾಟಿ ಅಂಚು ಮುಟ್ಟಲು ಆಗುವುದಿಲ್ಲ.

ಆದರೆ ಮಧ್ಯಾಹ್ನದ ಹೊತ್ತಿಗೆ ನೀರು ಆರಿಹೋಗುತ್ತಿತ್ತು. ಉಳಿದದ್ದನ್ನು ಪಿಕಳಾರ (ಬುಲ್‌ಬುಲ್) ಹಕ್ಕಿಗಳು ಬಂದು ಕುಡಿದುಬಿಡುತ್ತಿದ್ದವು. ನೀರಿದ್ದಾಗಲೂ ನುಗ್ಗೆ ಎಲೆ ಉದುರಿ ಬಿದ್ದು, ಮೇಲೆ ಧೂಳಿನ ಪದರ ಕಟ್ಟಿ, ಇರುವೆಗೆ ಸೇತುವೆ ಆಗುತ್ತಿತ್ತು. ಇದಕ್ಕೆ ದಾರಿ ಸಿಕ್ಕಿದ್ದು ನಿನ್ನೆ. ಅದೇ ತಂತಿಗೆ, ನೀರಿನ ಕರಟದ ಮೇಲೆ, ಸ್ವಲ್ಪ ದೊಡ್ಡದಾದ ಇನ್ನೊಂದು ಕರಟವನ್ನು ಕೊಡೆಯ ಹಾಗೆ ಬೋರಲು ಹಾಕಿದೆ. ನೆರಳಾಯಿತು. ಎಲೆ ಬೀಳುವುದು ನಿಂತಿತು. ಪಿಕಳಾರದ ತಲೆಯೂ ಒಳಗೆ ತೂರುವುದಿಲ್ಲ. ಪಾಪ, ಅವುಗಳಿಗೆ ಅಂತ ಬೇರೆ ಮಣ್ಣಿನ ತಟ್ಟೆಯಲ್ಲಿ ನೀರಿಟ್ಟಿದ್ದೇನೆ. ಎರಡು ಕರಟ ಒಂದಕ್ಕೊಂದು ತಾಗಬಾರದು, ನಡುವೆ ಎರಡು ಬೆರಳಿನಷ್ಟು ಜಾಗ ಇರಲಿ. ತಟ್ಟೆಗೆ ಪಕ್ಕದ ಕರಿಬೇವಿನ ಒಂದು ಕಡ್ಡಿಯೂ ತಾಗಬಾರದು. ಗಾಳಿಗೆ ತಟ್ಟೆ ತೂಗಿದರೂ ತಾಗದಷ್ಟು ದೂರ ಬೇಕು.

ಹುಳು ಮಾರುವವರ ಬಗ್ಗೆ ಒಂದು ಮಾತು. ಆನ್‌ಲೈನಿನಲ್ಲಿ ತರಿಸಿದ ಡಬ್ಬಿಗೆ ಗಾಳಿಯಾಡಲು ಒಂದು ತೂತೂ ಇರಲಿಲ್ಲ. ಈ ಸೆಕೆಯಲ್ಲಿ! ಅರ್ಧಕ್ಕರ್ಧ ಹುಳು ಕಪ್ಪಾಗಿ ನಾರುತ್ತಿದ್ದವು. ಕೇಳಿದರೆ, 'ಒಣ ಹುಳು ತಗೊಳ್ಳಿ ಸಾರ್' ಅಂದರು. ಮರಿಗಳಿಗೆ ನೀರು ಸಿಗುವುದು ತಿನ್ನುವ ತುತ್ತಿನಿಂದಲೇ. ಒಣ ಹುಳುವನ್ನು ನೆನೆಸದೆ ಹಾಗೇ ಇಡಬಹುದೇ? ಜೀವ ಇರುವುದನ್ನು ಮಾರುವವರಿಗೆ ಇಷ್ಟಾದರೂ ತಿಳಿದಿರಬೇಕು. ಇನ್ನು ಮೇಲೆ ಮನೆಯ ಡಬ್ಬಿಯ ಹುಳುವೇ ಸಾಕು.

ಹುಳು ಇಡುವುದು ಬೆಳಿಗ್ಗೆ ಮಾತ್ರ. ಉಳಿದ ಹೊತ್ತು ಅವು ತಾವೇ ಹುಡುಕಿ ತರಲಿ. ಅದಕ್ಕಾಗಿಯೇ ನಿಂಬೆ, ಕರಿಬೇವಿಗೆ ಔಷಧಿ ಹೊಡೆಯುವುದನ್ನು ನಿಲ್ಲಿಸಿದ್ದೇನೆ. ಎಲೆ ತೂತಾಗಲಿ, ಕಂಬಳಿಹುಳು ಬೆಳೆಯಲಿ. ಮಳೆ ಹಿಡಿದ ಮೇಲೆ ಮೂಲೆಯಲ್ಲಿ ಒಂದು ಗಸಗಸೆ ಹಣ್ಣಿನ ಗಿಡ ನೆಡುವ ಆಸೆಯೂ ಇದೆ, ಪಿಕಳಾರಗಳಿಗೆ.

ಮುಂದಿನ ಕೆಲಸ ಗೂಡುಪೆಟ್ಟಿಗೆ. ಗುಬ್ಬಿಗಾದರೆ 32 ಮಿ.ಮೀ. ತೂತು ಸಾಕು. ಮಡಿವಾಳಕ್ಕೆ ಇನ್ನೂ ದೊಡ್ಡದು ಬೇಕು, ತೀರಾ ದೊಡ್ಡದಾದರೆ ಗೊರವಂಕ ನುಗ್ಗುತ್ತದೆ. ಹಳೆ ಪ್ಲೈವುಡ್ ಇದೆ. ಬೇರೆ ಬೇರೆ ಅಳತೆಯ ತೂತು ಕೊರೆದ ಮುಂಬಾಗಿಲುಗಳನ್ನು ಮಾಡಿ, ಒಂದೇ ಪೆಟ್ಟಿಗೆಗೆ ಬದಲಾಯಿಸಿ ಹಾಕುವ ಹಾಗೆ ಕಟ್ಟುತ್ತೇನೆ. ದುಂಡಗೆ ತೂತು ಕೊರೆಯುವ ಹೋಲ್ ಸಾ ಬಿಟ್ ತರಲು ನಾಳೆ ಹೋಗಬೇಕು.