ಕ್ಯಾಲ್ವರ್ಟ್ ದಡದಲ್ಲಿ ಸಿಕ್ಕ ಬೆನ್ನುಮಣಿ

ಕಳೆದ ಅಕ್ಟೋಬರಿನಲ್ಲಿ, ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ ನೆಲೆಸಿರುವ ತಂಗಿಯ ಮನೆಗೆ ಹೋಗಿದ್ದಾಗ, ಲಸ್ಬಿ ಎಂಬ ಊರಿನ ಸಮೀಪದ ಕ್ಯಾಲ್ವರ್ಟ್ ಕ್ಲಿಫ್ಸ್ ಸ್ಟೇಟ್ ಪಾರ್ಕನ್ನು ನೋಡುವ ಅವಕಾಶ ಒದಗಿತು. ವಾಹನ ನಿಲ್ಲಿಸಿದ ಜಾಗದಿಂದ ಚೆಸಪೀಕ್ ಕೊಲ್ಲಿಯ ದಡಕ್ಕೆ ಸುಮಾರು 3 ಕಿಲೋಮೀಟರ್ ಕಾಡುದಾರಿ. ದಾರಿಯ ಕೊನೆಯಲ್ಲಿ ಜೌಗು ನೆಲ, ಅದನ್ನು ದಾಟಿದೊಡನೆ ಕಿರಿದಾದ ಮರಳಿನ ಪಟ್ಟಿ.

ಎದುರಿಗಿದ್ದ ಕಡಿದಾದ ಗೋಡೆ ಕಲ್ಲಿನದಲ್ಲ, ಮರಳು ಮತ್ತು ಜೇಡಿಮಣ್ಣಿನದು. ಮಯೋಸೀನ್ ಯುಗದಲ್ಲಿ, ಸುಮಾರು 1.8 ಕೋಟಿಯಿಂದ 80 ಲಕ್ಷ ವರ್ಷಗಳ ಹಿಂದೆ, ಇಲ್ಲಿದ್ದ ಆಳವಿಲ್ಲದ ಸಮುದ್ರದ ತಳವೇ ಈ ಪದರಗಳು. ಅಲೆಗಳು ಬುಡವನ್ನು ಕೊರೆದಂತೆ ಮಣ್ಣು ಕುಸಿಯುವುದರಿಂದ ಗೋಡೆಯ ಕೆಳಗೆ ನಡೆಯುವುದನ್ನೂ ಅಗೆಯುವುದನ್ನೂ ನಿಷೇಧಿಸಿದ್ದಾರೆ. ತೆರೆದ ದಡಕ್ಕೆ ಅಲೆ ತಂದು ಹಾಕಿದ್ದನ್ನು ಮಾತ್ರ ಹೆಕ್ಕಿಕೊಳ್ಳಬಹುದು.

ಒಂದು ಗಂಟೆಯೊಳಗೆ ನಮಗೆ ನಾಲ್ಕು ಶಾರ್ಕ್ ಹಲ್ಲುಗಳು ಸಿಕ್ಕವು. ಅದರಲ್ಲಿ ಅಚ್ಚರಿಯೇನಿಲ್ಲ, ಒಂದು ಶಾರ್ಕ್ ತನ್ನ ಜೀವಿತಾವಧಿಯಲ್ಲಿ ಸಾವಿರಾರು ಹಲ್ಲುಗಳನ್ನು ಉದುರಿಸುತ್ತದೆ, ಅವುಗಳ ಹೊರಪದರವೂ ಬಲು ಗಟ್ಟಿ. ಆಗ ತಂಗಿಯ ಮಗಳು, "ದೊಡ್ಡಮ್ಮಾ, ಇದು ಯಾರದೋ ಅಂಗಿಯ ಗುಂಡಿ ಇರಬೇಕು ನೋಡಿ" ಎಂದು ಕಪ್ಪುಬಣ್ಣದ ಬಿಲ್ಲೆಯೊಂದನ್ನು ನನ್ನ ಅಂಗೈಗೆ ಹಾಕಿದಳು. ಹೆಬ್ಬೆರಳ ಉಗುರಿನಷ್ಟು ಅಗಲ. ಎರಡೂ ಮುಖಗಳು ಬಟ್ಟಲಿನಂತೆ ಒಳಕ್ಕೆ ತಗ್ಗಿದ್ದವು, ತಗ್ಗಿನಲ್ಲಿ ಒಂದರೊಳಗೊಂದು ಉಂಗುರಗಳು. ಅಂಚನ್ನು ತಿರುಗಿಸಿ ನೋಡಿದರೆ, ತೆಳುವಾದ ಹಾಳೆಗಳನ್ನು ಸಾಲಾಗಿ ನಿಲ್ಲಿಸಿದಂತೆ ಸಣ್ಣ ಸೀಳುಗಳು. ಅದು ಶಾರ್ಕಿನ ಬೆನ್ನುಮಣಿ. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಶಾರ್ಕಿಗೆ ನಮ್ಮಂತೆ ಮೂಳೆಯಿಲ್ಲ. ನಮ್ಮ ಕಿವಿ, ಮೂಗಿನ ತುದಿಗಳಲ್ಲಿರುವಂಥ ಮೃದ್ವಸ್ಥಿಯಿಂದಲೇ ಅದರ ಅಸ್ಥಿಪಂಜರವೆಲ್ಲ ರಚಿತವಾಗಿದೆ. ಅದರ ಮೇಲೆ ಸುಣ್ಣಾಂಶದ ಚಿಕ್ಕಚಿಕ್ಕ ಹೆಂಚುಗಳ ಹೊದಿಕೆಯೊಂದಿರುತ್ತದೆ, ನಿಜ. ಆದರೆ ಶಾರ್ಕ್ ಸತ್ತ ಮೇಲೆ ಒಳಗಿನ ಮೃದು ಭಾಗ ಕೊಳೆತು, ಹೆಂಚುಗಳು ಒಂದರಿಂದೊಂದು ಬಿಡಿಸಿಕೊಂಡು ಚದುರಿಹೋಗುತ್ತವೆ. ಬೆನ್ನುಮಣಿಯ ನಡುಭಾಗದಲ್ಲಿ ಮಾತ್ರ ಸುಣ್ಣಾಂಶ ಒತ್ತಾಗಿ ಸೇರಿ ಗಟ್ಟಿಯಾಗಿರುವುದರಿಂದ ಅದಕ್ಕೆ ಉಳಿಯುವ ಸಾಧ್ಯತೆ ಇದೆ. ಅಷ್ಟಾದರೂ, ಹೆಣವನ್ನು ಇತರ ಪ್ರಾಣಿಗಳು ಎಳೆದಾಡುವ ಮುನ್ನ ಹೂಳು ಅದನ್ನು ಮುಚ್ಚಬೇಕು. ಹಲ್ಲು ಬದುಕಿದ್ದ ಶಾರ್ಕ್ ಹಾದಿಯಲ್ಲಿ ಬಿಟ್ಟುಹೋದದ್ದು. ಬೆನ್ನುಮಣಿಯಾದರೋ ಸತ್ತ ಶಾರ್ಕಿನ ದೇಹದ್ದೇ ತುಣುಕು. ನನ್ನ ಮಟ್ಟಿಗೆ ಆ ಬಿಲ್ಲೆ ನಾಲ್ಕು ಹಲ್ಲುಗಳಿಗಿಂತ ಹೆಚ್ಚಿನದಾಗಿ ಕಂಡದ್ದು ಇದೇ ಕಾರಣಕ್ಕೆ.

ಮಧ್ಯಾಹ್ನ ಸಾಲೊಮನ್ಸ್ ಊರಿನ ಕ್ಯಾಲ್ವರ್ಟ್ ಮರೀನ್ ಮ್ಯೂಸಿಯಮ್ಮಿಗೆ ಹೋದೆವು. ಅಲ್ಲಿ ಮೆಗಲೊಡಾನ್ ಎಂಬ ಅಳಿದುಹೋದ ಮಹಾಶಾರ್ಕಿನ ಸುಮಾರು 35 ಅಡಿ ಉದ್ದದ ಅಸ್ಥಿಪಂಜರವನ್ನು ನಿಲ್ಲಿಸಿದ್ದಾರೆ. ಅದು ಮರುರಚನೆ, ಈ ಪ್ರಾಣಿಯ ಪೂರ್ಣ ಅಸ್ಥಿಪಂಜರ ಈವರೆಗೆ ಎಲ್ಲಿಯೂ ದೊರೆತಿಲ್ಲ. ಬೆಲ್ಜಿಯಮ್ಮಿನಲ್ಲಿ 19ನೆಯ ಶತಮಾನದಲ್ಲಿ ಸಿಕ್ಕ, ಒಂದೇ ಶಾರ್ಕಿಗೆ ಸೇರಿದ ಸುಮಾರು 140 ಬೆನ್ನುಮಣಿಗಳು ಈ ಬಗೆಯ ಅಪರೂಪದ ನಿಧಿ. ಅವುಗಳ ಉಂಗುರಗಳನ್ನು ವರ್ಷಕ್ಕೊಂದರಂತೆ ಎಣಿಸಿದ ವಿಜ್ಞಾನಿಗಳು, ಆ ಶಾರ್ಕ್ ಸತ್ತಾಗ ಅದಕ್ಕೆ 46 ವರ್ಷವಾಗಿತ್ತೆಂದೂ ಹುಟ್ಟುವಾಗಲೇ ಅದು ಸುಮಾರು 2 ಮೀಟರ್ ಉದ್ದವಿತ್ತೆಂದೂ 2021ರಲ್ಲಿ ಅಂದಾಜು ಮಾಡಿದರು.

ಇದನ್ನು ಕೇಳಿದ್ದೇ ತಡ, ಹುಡುಗಿ ನಮ್ಮ ಬಿಲ್ಲೆಯನ್ನು ಮೊಬೈಲಿನ ಬೆಳಕಿಗೆ ಹಿಡಿದು ಎಣಿಸತೊಡಗಿದಳು. ಮೊದಲ ಸಲ ಏಳು, ಎರಡನೆಯ ಸಲ ಎಂಟು ಬಂತು. ಹೊಸ ಉಂಗುರ ಮೂಡುವುದು ಹೊರ ಅಂಚಿನಲ್ಲಿ. ನಮ್ಮ ಬಿಲ್ಲೆಯ ಅಂಚನ್ನು ಅಲೆಗಳು ಸವೆಸಿದ್ದವು. ಆ ಶಾರ್ಕಿನ ಕೊನೆಯ ವರ್ಷಗಳೇ ಹೀಗೆ ಅಳಿಸಿಹೋಗಿದ್ದುದರಿಂದ, ಎಣಿಕೆಯನ್ನು ಅಲ್ಲಿಗೇ ನಿಲ್ಲಿಸಿ ಬಿಲ್ಲೆಯನ್ನು ಹತ್ತಿಯಲ್ಲಿ ಸುತ್ತಿಟ್ಟೆವು.