ಲಿಂಗ ಆಚೆ, ನಂದಿ ಈಚೆ

12 ಜನವರಿ 2025, ರವಿವಾರ

ಖಿದ್ರಾಪುರದ ಕೋಪೇಶ್ವರ ಗುಡಿಗೆ ಹೋಗಲು ಬೆಳಿಗ್ಗೆ ಏಳಕ್ಕೇ ಗಾಡಿ ಹೊರಗೆ ತೆಗೆದೆ. ಎಳ್ಳಮಾಸಿ ಮುಗಿದು ಎರಡು ವಾರ, ನಾಳೆ ಬನದ ಹುಣ್ಣಿಮೆ, ಚಳಿ ಇನ್ನೂ ಬಿಟ್ಟಿಲ್ಲ. ಕುರುಂದವಾಡ ದಾಟಿದ ಮೇಲೆ ದಾರಿ ತುಂಬ ಕಬ್ಬಿನ ಟ್ರ್ಯಾಕ್ಟರ್. ಎರಡೆರಡು ಟ್ರಾಲಿ ಎಳೆದುಕೊಂಡು ಹೊರಟ ಅವನ್ನು ಹಿಂದೆ ಹಾಕುವುದು ಆಗದ ಮಾತು, ಅರ್ಧ ದಾರಿ ರವದಿಯ (ಕಬ್ಬಿನ ಒಣ ಎಲೆಯ) ಧೂಳು ನುಂಗುತ್ತಲೇ ಹೋದೆ. ನಡುವೆ ಸೈನಿಕ ಟಾಕಳಿ ಸಿಕ್ಕಿತು. ತಲೆಮಾರುಗಳಿಂದ ಮನೆಮನೆಯಿಂದ ಮಿಲಿಟರಿಗೆ ಮಕ್ಕಳನ್ನು ಕಳಿಸಿದ ಊರು, ಅದಕ್ಕೇ ಹೆಸರಿನ ಹಿಂದೆ ‘ಸೈನಿಕ’ ಅಂಟಿಕೊಂಡಿದೆ. ಅಲ್ಲಿಂದ ಖಿದ್ರಾಪುರ ದೂರವಿಲ್ಲ. ಕೊಲ್ಲಾಪುರ ಜಿಲ್ಲೆ ಶಿರೋಳ ತಾಲೂಕಿನ ತುದಿಯ ಊರು. ಮುಂದೆ ಕೃಷ್ಣೆ, ಆಚೆ ದಂಡೆಗೆ ನಮ್ಮ ಬೆಳಗಾವಿ ಜಿಲ್ಲೆ ಕಾಗವಾಡ ತಾಲೂಕಿನ ಜುಗೂಳ.

ನನ್ನ ಅಜ್ಜಿಯ ಬಾಯಲ್ಲಿ ‘ಖಿದ್ರಾಪುರ’ ಅನ್ನುವ ಶಬ್ದ ಕೇಳಿದ ನೆನಪೇ ಇಲ್ಲ. “ಕೋಪೇಶ್ವರಕ್ಕ ಹೋಗಿ ಬರೂನು” ಅನ್ನುತ್ತಿದ್ದಳು. ಆಕೆಯ ತವರು ಹೊಳೆಯ ಖಿದ್ರಾಪುರದ ಕಡೆಯ ದಂಡೆ. ಕೊಟ್ಟು ತರುವುದಕ್ಕೆ ಆಗ ಯಾರೂ ರಾಜ್ಯ ಕೇಳುತ್ತಿರಲಿಲ್ಲ, ಹೊಳೆ ಯಾವ ತಿಂಗಳು ಇಳಿಯುತ್ತದೆ ಅಂತ ಮಾತ್ರ ಕೇಳುತ್ತಿದ್ದರು. ಕೊಲ್ಲಾಪುರ ಸಂಸ್ಥಾನ 1949ರಲ್ಲಿ ಮುಂಬಯಿ ಪ್ರಾಂತದಲ್ಲಿ ಸೇರಿತು, ಬೆಳಗಾವಿ ಜಿಲ್ಲೆ ಮೊದಲಿನಿಂದ ಮುಂಬಯಿಯದೇ. ಹಾಗಾಗಿ ಏಳು ವರ್ಷ ಎರಡೂ ದಂಡೆಗೆ ಒಂದೇ ರಾಜ್ಯ. 1956ರ ನವೆಂಬರ್ 1ಕ್ಕೆ ಬೆಳಗಾವಿ ಮೈಸೂರು ರಾಜ್ಯಕ್ಕೆ ಬಂತು, ಅಜ್ಜಿಯ ತವರು ಪರರಾಜ್ಯವಾಯಿತು. ಆಕೆಗೆ ಅದರ ಅರಿವಾದದ್ದು ಎಷ್ಟೋ ವರ್ಷ ಕಳೆದು, ತಮ್ಮನ ಮಕ್ಕಳು ಕನ್ನಡದಲ್ಲಿ ಕೇಳಿದ್ದಕ್ಕೆ ಮರಾಠಿಯಲ್ಲಿ ಉತ್ತರ ಕೊಡಲು ಶುರು ಮಾಡಿದಾಗ.

ದೇವಸ್ಥಾನದ ಬಾಗಿಲು ದಾಟಿದರೆ ಸ್ವರ್ಗಮಂಟಪ. ಎಷ್ಟು ಸಲ ಬಂದರೂ ನನ್ನ ಕಾಲು ಇಲ್ಲಿಯೇ ಕಟ್ಟಿಹಾಕಿದಂತಾಗುತ್ತದೆ. 48 ಕಂಬಗಳ ಮಂಟಪ, ನಡುವೆ ಚಾವಣಿಯೇ ಇಲ್ಲ, ಗುಂಡಗೆ ಕತ್ತರಿಸಿದ ಆಕಾಶ. ಅದರ ಕೆಳಗೆ ಅಷ್ಟೇ ಅಗಲದ ಗುಂಡನೆಯ ಕಲ್ಲಿನ ಹಾಸು, ಸುತ್ತ ಹನ್ನೆರಡು ಕಂಬ. ಕಾರ್ತಿಕ ಹುಣ್ಣಿಮೆಯ ರಾತ್ರಿ ಚಂದ್ರ ಆ ಗುಂಡನೆಯ ತೆರಪಿಗೆ ಸರಿಯಾಗಿ ಬಂದು ನಿಲ್ಲುವುದನ್ನು ನೋಡಲು ಸಾವಿರಾರು ಜನ ಸೇರುತ್ತಾರೆ. ನನಗೆ ಇಂತಹ ಖಾಲಿ ಮುಂಜಾನೆಯೇ ಇಷ್ಟ. ಹಾಸಿನ ಮೇಲೆ ಬಿದ್ದ ಬಿಸಿಲಿನ ತುಂಡು ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಸರಿಯುವುದನ್ನು ನೋಡುತ್ತ ಕೂರಬಹುದು. ಹೊರಗೆ ಬಂದು ಸುತ್ತು ಹಾಕಿದರೆ ಗುಡಿಯ ಭಾರವನ್ನೆಲ್ಲ ಬೆನ್ನ ಮೇಲೆ ಹೊತ್ತಂತೆ ನಿಂತ ಆನೆಗಳ ಸಾಲು. ಸೊಂಡಿಲು ಮುರಿದವು ಬಹಳ.

ಒಳಗೆ ಎರಡು ಲಿಂಗ. ಒಂದು ಕೋಪೇಶ್ವರ, ಇನ್ನೊಂದು ಧೋಪೇಶ್ವರ. ಸತಿಯನ್ನು ಕಳೆದುಕೊಂಡ ಶಿವ ಉರಿದೆದ್ದಾಗ ಸಮಾಧಾನ ಹೇಳಲು ಬಂದ ವಿಷ್ಣುವೇ ಆ ಎರಡನೆಯ ಲಿಂಗವಂತೆ. ಹೊಸಬರು ಮೊದಲು ಕೇಳುವುದು, ನಂದಿ ಎಲ್ಲಿ? ನಂದಿ ಇಲ್ಲ. ದಕ್ಷನ ಯಜ್ಞಕ್ಕೆ ಸತಿ ನಂದಿಯನ್ನೇರಿ ಹೋದಳು, ಅವಳೂ ಮರಳಲಿಲ್ಲ, ಅವನೂ ಮರಳಲಿಲ್ಲ. ಆ ನಂದಿ ಇರುವುದು ನಮ್ಮ ಚಿಕ್ಕೋಡಿ ತಾಲೂಕಿನ ಯಡೂರಿನಲ್ಲಿ, ಅದೇ ಕೃಷ್ಣೆಯ ದಂಡೆಯಲ್ಲಿ, ಎದುರಿಗೆ ಲಿಂಗವಿಲ್ಲದೆ. ಯಜ್ಞ ಕೆಡಿಸಿದ ವೀರಭದ್ರನ ಗುಡಿಯೂ ಅಲ್ಲಿಯೇ. ಹೀಗೆ ಲಿಂಗ ಮಹಾರಾಷ್ಟ್ರದಲ್ಲಿ, ನಂದಿ ಕರ್ನಾಟಕದಲ್ಲಿ. ಅಜ್ಜಿ ಯಡೂರಿನ ಜಾತ್ರೆಗೆ ಹೋದ ವರ್ಷ ಕೋಪೇಶ್ವರಕ್ಕೂ ಬಂದು ಕಾಯಿ ಒಡೆಸುವಳು. ಒಂದು ಕಡೆ ಹೋಗಿ ಇನ್ನೊಂದು ಕಡೆ ಬಿಟ್ಟರೆ ಅರ್ಧ ದರ್ಶನ ಅನ್ನುವುದು ಅವಳ ಲೆಕ್ಕ.

ಊರಿನ ಹಳೆಯ ಹೆಸರು ಕೊಪ್ಪ ಅನ್ನುತ್ತಾರೆ. ನನ್ನ ಮನಸ್ಸಿಗೆ ಬರುವುದು ಇಷ್ಟು: ಕೊಪ್ಪ ಅಂದರೆ ಕನ್ನಡದಲ್ಲಿ ಚಿಕ್ಕ ಹಳ್ಳಿ, ಕೊಪ್ಪದ ಈಶ್ವರನೇ ಕೊಪ್ಪೇಶ್ವರ, ಕೋಪದ ಕತೆ ಆಮೇಲೆ ಹುಟ್ಟಿರಬೇಕು. ಚೋಳರ ಶಾಸನಗಳಲ್ಲಿ ‘ಪೇರಾರು’ ಎಂಬ ಹೊಳೆಯ ದಂಡೆಯ ಕೊಪ್ಪಂನ ಯುದ್ಧ ಬರುತ್ತದೆ. 1054ರಲ್ಲಿ ಕಲ್ಯಾಣದ ಚಾಲುಕ್ಯ ಆಹವಮಲ್ಲ ಸೋಮೇಶ್ವರನ ಎದುರು ರಾಜಾಧಿರಾಜ ಚೋಳ ಆನೆಯ ಮೇಲೆಯೇ ಸತ್ತ, ತಮ್ಮ ಎರಡನೆಯ ರಾಜೇಂದ್ರ ರಣರಂಗದಲ್ಲಿಯೇ ಪಟ್ಟ ಕಟ್ಟಿಕೊಂಡ. ಕೆಲವು ವಿದ್ವಾಂಸರು ಆ ಕೊಪ್ಪಂ ಕೊಪ್ಪಳ ಅಂದರು, ಕೆಲವರು ಖಿದ್ರಾಪುರ ಅಂದರು. ಪೇರಾರು ಅಂದರೆ ದೊಡ್ಡ ಹೊಳೆ. ಹಳಗನ್ನಡದಲ್ಲಿ ಕೃಷ್ಣೆಯ ಹೆಸರು ಪೆರ್ದೊರೆ, ಅರ್ಥ ಅದೇ. ಯುದ್ಧದ ಮೇಲೆ ಚೋಳರು ಕೊಲ್ಲಾಪುರಕ್ಕೆ ಹೋಗಿ ಜಯಸ್ತಂಭ ನೆಟ್ಟೆವು ಎಂದು ಬರೆಸಿಕೊಂಡದ್ದೂ ಇದೆ. ಕೊಪ್ಪಳದಿಂದ ಕೊಲ್ಲಾಪುರ ಎಲ್ಲಿ, ಇಲ್ಲಿಂದ ಎಲ್ಲಿ! ನಾನು ಈ ಊರಿನ ಕಡೆ.

ಈಗಿರುವ ಗುಡಿ ಆ ಯುದ್ಧದ ನಂತರದ್ದು, 12ನೆಯ ಶತಮಾನದ ಶಿಲಾಹಾರ ಅರಸರದು. ಅವರ ಎರಡನೆಯ ಭೋಜನನ್ನು ಸೋಲಿಸಿದ ದೇವಗಿರಿಯ ಯಾದವ ಸಿಂಘಣ, ದಕ್ಷಿಣದ ಬಾಗಿಲ ಹತ್ತಿರದ ಗೋಡೆಯಲ್ಲಿ ಸಂಸ್ಕೃತದಲ್ಲಿ, ದೇವನಾಗರಿಯಲ್ಲಿ ಶಾಸನ ಹಾಕಿಸಿದ್ದಾನೆ. ಕೋಪೇಶ್ವರನ ಪೂಜೆಗೆ ಮಿರಿಂಜಿ ನಾಡಿನ ಕೂಡಲದಾಮವಾಡ ಎಂಬ ಊರನ್ನು ಬಿಟ್ಟುಕೊಟ್ಟದ್ದು ಅದರಲ್ಲಿದೆ. ಮಿರಿಂಜಿ ಅಂದರೆ ಮಿರಜ. ಕೂಡಲದಾಮವಾಡ ಕೃಷ್ಣೆಗೆ ಇನ್ನೊಂದು ಹೊಳೆ ಸೇರುವ ಜಾಗದ ಊರು, ಅದಕ್ಕೇ ‘ಕೂಡಲ’. ಸಂಸ್ಕೃತದ ಸಾಲಿನ ನಡುವೆ ಆ ಒಂದು ಕನ್ನಡ ಶಬ್ದ ಕಲ್ಲಿನಲ್ಲಿ ಕೂತಿದೆ ಎನ್ನುವುದು ನೆನಪಾದಾಗಲೆಲ್ಲ ಮೈ ಜುಮ್ಮೆನ್ನುತ್ತದೆ.

ಇಲ್ಲಿ ಹನ್ನೆರಡರ ಹತ್ತಿರ ಶಾಸನಗಳಿವೆ. ಸಿಂಘಣನದೊಂದನ್ನು ಬಿಟ್ಟು ಉಳಿದವೆಲ್ಲ ಕನ್ನಡ. ಓದಲು ಬರುವಂತೆ ಉಳಿದದ್ದು ಬಹಳ ಕಡಿಮೆ. ಇವತ್ತು ಒಂದರ ಮುಂದೆ ಅರ್ಧ ತಾಸು ಕೂತೆ. ‘ದೇ’ ಸಿಕ್ಕಿತು. ಅದರ ಮುಂದಿನದು ವ ಇರಬೇಕು, ಮ ಇದ್ದರೂ ಇರಬಹುದು. ಹಳೆಯ ಬರಹದಲ್ಲಿ ಎರಡಕ್ಕೂ ಒಂದೇ ಮುಖ, ಸವೆದ ಮೇಲಂತೂ ಬೇರ್ಪಡಿಸುವುದೇ ಕಷ್ಟ. ಪಕ್ಕದಲ್ಲಿ ಯಾರೋ ತಮ್ಮ ಹೆಸರು ಕೆತ್ತಿ ಹೋಗಿದ್ದಾರೆ. ಹೊಟ್ಟೆ ಉರಿಯಿತು. ಇದು ಯಾವ ಭಾಷೆಯ ಜಾಗ ಎಂಬ ಜಗಳಕ್ಕೆ ನನಗೆ ಆಸೆಯಿಲ್ಲ. ಆದರೆ ಇದನ್ನು ಬರೆಸಿದವರು ಯಾರೋ ಓದಲೆಂದೇ ಬರೆಸಿದರಲ್ಲ. ಗಡಿಯ ಆಚೆಯವರಿಗೆ ಲಿಪಿ ಬಾರದು, ಈಚೆಯ ನಾವು ಬರುವುದಿಲ್ಲ. ನಡುವೆ ಕಲ್ಲು ಸವೆಯುತ್ತಿದೆ.

ಹೊರಗೆ ಬದನೆಕಾಯಿ ಮಾರಲು ಕೂತಿದ್ದ ಮುದುಕಿಗೆ ಮರಾಠಿಯಲ್ಲಿ ದರ ಕೇಳಿದೆ. “ನಿಂದ್ಯಾವ ಊರ ಯಪ್ಪಾ?” ಅಂದಳು! ಜುಗೂಳದ ಮಗಳಂತೆ. ಆಮೇಲೆ ದರದ ಮಾತೇ ಬರಲಿಲ್ಲ, ಬರೀ ಹೊಳೆಯ ಮಾತು. “2019ರಾಗ ಗುಡಿಯೊಳಗ ನೀರ ಹೊಕ್ಕಿತ್ತು. ನಾವೆಲ್ಲಾ ಊರ ಬಿಟ್ಟು ಹೋಗಿದ್ವಿ. ಎಮ್ಮಿ ಕಟ್ಟಿದ್ದು ಬಿಚ್ಚಿ ಬಿಟ್ಟು ಹೋದ್ವಿ ನೋಡು, ಅದನ್ನ ನೆನಿಸಿದ್ರ ಈಗ್ಲೂ ನಿದ್ದಿ ಬರಂಗಿಲ್ಲ.” ಆ ವರ್ಷ ಜುಗೂಳ, ಮಂಗಾವತಿಯೂ ಮುಳುಗಿದ್ದವು. ಮಗಳು ಒಂದು ದಂಡೆಯಲ್ಲಿ, ತವರು ಇನ್ನೊಂದು ದಂಡೆಯಲ್ಲಿ, ಯಾರು ಯಾರ ಮನೆಗೆ ಓಡಬೇಕು? ಮಳೆಗಾಲದಲ್ಲಿ ಮಹಾರಾಷ್ಟ್ರದ ಕಡೆಯವರು ಆಲಮಟ್ಟಿಯ ಹಿನ್ನೀರಿನ ಮೇಲೆ ಸಿಟ್ಟಾಗುತ್ತಾರೆ, ಕರ್ನಾಟಕದ ಕಡೆಯವರು ಕೊಯ್ನಾ ಅಣೆಕಟ್ಟಿನಿಂದ ಬಿಟ್ಟ ನೀರಿನ ಮೇಲೆ. ಬೇಸಿಗೆ ಬಂದರೆ ಮಾತು ತಿರುಗುತ್ತದೆ. ಮಹಾರಾಷ್ಟ್ರದ ಕೃಷ್ಣೆಯ ಕೊನೆಯ ಬಂಧಾರ ಇಲ್ಲೇ ಹತ್ತಿರದ ರಾಜಾಪುರದಲ್ಲಿದೆ, ಅದರಿಂದ ನೀರು ಯಾವಾಗ ಬಿಡುತ್ತಾರೆ ಎಂದು ನಾವು ಪೇಪರ್ ನೋಡುತ್ತ ಕೂರುತ್ತೇವೆ.

ನೀರು ಹೆಚ್ಚಾಗಿಯೂ ನೆಲ ಕೆಟ್ಟಿದೆ. ಕಪ್ಪು ಮಣ್ಣಿಗೆ ವರ್ಷವಿಡೀ ಕಬ್ಬಿನ ನೀರು ಕುಡಿಸಿ ಶಿರೋಳ ತಾಲೂಕಿನ ಎಷ್ಟೋ ಹೊಲ ಸವಳು ಹಿಡಿದಿವೆ. ದಾರಿಯಲ್ಲಿ ಒಂದು ಕಡೆ ನೆಲ ಸುಣ್ಣ ಬಳಿದಂತೆ ಬೆಳ್ಳಗಿತ್ತು. ಪಕ್ಕದ ಹೊಲದಲ್ಲಿ ತೂತಿನ ಪೈಪು ಹೂಳಿ ಉಪ್ಪುನೀರು ಬಸಿಯುವ ಕೆಲಸ ನಡೆದಿತ್ತು.

ಮುದುಕಿಯ ಮೊಮ್ಮಗ, ಆರನೆಯ ಇಯತ್ತೆಯ ಹುಡುಗ, ನನ್ನನ್ನು ಗುಡಿಯಲ್ಲಿ ನೋಡಿದ್ದನಂತೆ. ಅಷ್ಟು ಹೊತ್ತು ಕಲ್ಲಿನ ಮುಂದೆ ಕೂತು ಏನು ಮಾಡುತ್ತಿದ್ದಿರಿ ಅಂತ ಮರಾಠಿಯಲ್ಲಿ ಕೇಳಿದ. ಓದುತ್ತಿದ್ದೆ ಅಂದೆ. “ಅದ್ರಾಗ ಏನ್ ಬರದಾರ?” ಈಗ ಕೇಳಿದ್ದು ಮುದುಕಿ. ಎಂಬತ್ತು ದಾಟಿದ ಜೀವ, ಎಷ್ಟೋ ಸೋಮವಾರ ಅದರ ಮುಂದೆ ಹಾದು ಹೋಗಿದ್ದಾಳೆ, ಒಬ್ಬರೂ ಅವಳಿಗೆ ಓದಿ ಹೇಳಿಲ್ಲ. ಎರಡೇ ಅಕ್ಷರ ಸಿಕ್ಕಿತು ಅಂತ ಹೇಳಲು ನಾಚಿಕೆಯಾಯಿತು, ಆದರೂ ಹೇಳಿದೆ.

ಮಧ್ಯಾಹ್ನದ ಬಿಸಿಲಿಗೆ ಸವೆದ ಅಕ್ಷರ ಏಳುವುದಿಲ್ಲ, ಬೆಳಕು ಓರೆಯಾಗಿ ಬೀಳಬೇಕು. ಮುಂದಿನ ರವಿವಾರ ಕತ್ತಲಿದ್ದಾಗಲೇ ಹೊರಡುತ್ತೇನೆ. ಟಾರ್ಚ್ ಒಯ್ಯಬೇಕು, ಹಳಗನ್ನಡ ಲಿಪಿ ಓದಬಲ್ಲ ಮೇಷ್ಟ್ರನ್ನೂ ಕರೆದುಕೊಂಡು ಹೋಗಬೇಕು. ಹುಡುಗ ತಾನೇ ಟಾರ್ಚ್ ಹಿಡಿಯುತ್ತೇನೆ ಅಂದಿದ್ದಾನೆ. ಬದನೆಕಾಯಿಗೆ ಮುದುಕಿ ದುಡ್ಡು ಮುಟ್ಟಲಿಲ್ಲ.