ಟ್ಯೂಬ್‌ಲೈಟ್ ಕೆಳಗೆ ಬೆಳೆಯುವ ಬೆಳ್ಳಿ ತ್ರಿಕೋನಗಳು

ಲ್ಯಾಬಿನಲ್ಲಿ ಸಿಲ್ವರ್ ನೈಟ್ರೇಟನ್ನು ಕಂದು ಬಾಟಲಿಯಲ್ಲೇ ಇಡುತ್ತಾರೆ, ಬೆಳಕು ಬಿದ್ದರೆ ಕೆಡುತ್ತದೆ ಅಂತ. ಆದರೆ ಅದರಿಂದ ಮಾಡುವ ಬೆಳ್ಳಿಯ ನ್ಯಾನೊ ಕಣಗಳ, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳ, ಆಕಾರವನ್ನೇ ಅದೇ ಬೆಳಕು ಬಳಸಿ ಬದಲಿಸಬಹುದು. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಚಾಡ್ ಮಿರ್ಕಿನ್ ಮತ್ತು ಜೊತೆಗಾರರು 2001ರಲ್ಲಿ ಇದನ್ನು ತೋರಿಸಿದರು, ಅದೂ ಸಾಧಾರಣ 40 ವ್ಯಾಟ್ ಫ್ಲೋರೊಸೆಂಟ್ ದೀಪ ಇಟ್ಟುಕೊಂಡು.

ಮೊದಲು ಫ್ಲಾಸ್ಕಿನಲ್ಲಿರುವುದು ಸಣ್ಣ ಗುಂಡು ಕಣಗಳು, ದ್ರಾವಣ ಹಳದಿ. ದೀಪದ ಬೆಳಕಿನಲ್ಲಿಟ್ಟರೆ ನಿಧಾನಕ್ಕೆ ಹಸಿರಾಗಿ ಕೊನೆಗೆ ನೀಲಿಯಾಗುತ್ತದೆ. ಅಷ್ಟು ಹೊತ್ತಿಗೆ ಒಳಗಿರುವುದು ಸುಮಾರು 100 ನ್ಯಾನೊಮೀಟರ್ (ಒಂದು ನ್ಯಾನೊಮೀಟರ್ ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು) ಅಂಚು, 16 ನ್ಯಾನೊಮೀಟರ್ ದಪ್ಪದ ತ್ರಿಕೋನ ಬಿಲ್ಲೆಗಳು! ಕುದಿಸುವುದೇನೂ ಬೇಡ. ಕತ್ತಲಲ್ಲಿಟ್ಟರೆ ಬೆಳವಣಿಗೆ ನಿಲ್ಲುತ್ತದೆ, ಮತ್ತೆ ಬೆಳಕಿಗಿಟ್ಟರೆ ಮುಂದುವರಿಯುತ್ತದೆ.

ಹೇಗೆ ಅಂದರೆ, ಕಣಕ್ಕೆ ಹೊಂದುವ ಬಣ್ಣದ ಬೆಳಕು ತಾಗಿದಾಗ ಅದರ ಎಲೆಕ್ಟ್ರಾನ್‌ಗಳೆಲ್ಲ ಒಟ್ಟಿಗೆ ಓಲಾಡುತ್ತವೆ. ಪ್ಲಾಸ್ಮಾನ್ ಅನ್ನುವುದು ಇದನ್ನೇ. ಆ ಶಕ್ತಿಯಿಂದ ಕಣದ ಮೈಗೆ ಅಂಟಿದ ಸಿಟ್ರೇಟ್ (ದ್ರಾವಣಕ್ಕೆ ಹಾಕಿರುವ ಸಿಟ್ರಿಕ್ ಆಮ್ಲದ ಲವಣ) ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ, ನೀರಿನಲ್ಲಿರುವ ಬೆಳ್ಳಿಯ ಅಯಾನು, ಅಂದರೆ ಎಲೆಕ್ಟ್ರಾನ್ ಕಳೆದುಕೊಂಡ ಬೆಳ್ಳಿಯ ಪರಮಾಣು, ಅದನ್ನು ಪಡೆದು ಲೋಹವಾಗಿ ಅಲ್ಲೇ ಕೂರುತ್ತದೆ. ಚಪ್ಪಟೆ ಮುಖಗಳನ್ನು ಸಿಟ್ರೇಟ್ ಗಟ್ಟಿಯಾಗಿ ಮುಚ್ಚಿಕೊಂಡಿರುವುದರಿಂದ ಹೊಸ ಬೆಳ್ಳಿ ಸೇರುವುದು ಜಾಸ್ತಿ ಅಂಚುಗಳಲ್ಲೇ. ಹಾಗಾಗಿ ಬಿಲ್ಲೆ ಅಗಲವಾಗುತ್ತದೆ, ಅಷ್ಟೇನೂ ದಪ್ಪ ಆಗುವುದಿಲ್ಲ.

ನನಗೆ ತುಂಬಾ ಹಿಡಿಸಿದ್ದು 2003ರ ಕೆಲಸ. ಬೆಳಕಿನ ಬಣ್ಣ ಬದಲಿಸಿದರೆ ತ್ರಿಕೋನದ ಅಳತೆಯೂ ಬದಲಾಗುತ್ತದೆ, 30ರಿಂದ 120 ನ್ಯಾನೊಮೀಟರ್‌ವರೆಗೆ ಬೇಕಾದ ಅಂಚು ಬೆಳೆಸಬಹುದು ಅಂತ ಅದೇ ತಂಡ ತೋರಿಸಿತು. ಬೆಳಕಿನ ತರಂಗಾಂತರ ಉದ್ದವಾದಷ್ಟೂ, ಅಂದರೆ ಬಣ್ಣ ಕೆಂಪಿನ ಕಡೆ ಹೋದಷ್ಟೂ, ತ್ರಿಕೋನ ದೊಡ್ಡದು. ಯಾಕಂದರೆ ಕಣ ಬೆಳೆದಂತೆ ಅದು ಹೀರುವ ಬಣ್ಣ ಕೆಂಪಿನ ಕಡೆ ಸರಿಯುತ್ತಾ ಹೋಗುತ್ತದೆ, ಕೊಟ್ಟ ಬೆಳಕನ್ನು ಸರಿಯಾಗಿ ಹೀರಲಾಗದ ಹಂತ ಬಂದಾಗ ಬೆಳವಣಿಗೆ ತಾನಾಗೇ ಕುಂಟುತ್ತದೆ. ಎಷ್ಟು ಚೆನ್ನಾಗಿದೆ ಅಲ್ವಾ!

ಲೋಹದ ಆಕ್ಸೈಡ್‌ಗಳಿಗೂ ಇಂಥ ದಾರಿ ಇದೆ. ಜಪಾನಿನ ಹೊಕ್ಕೈಡೊ ವಿಶ್ವವಿದ್ಯಾಲಯದವರು ನೀರಿನಲ್ಲಿ ಮುಳುಗಿಸಿದ ಸತುವಿನ ಮೇಲೆ ಅಲ್ಟ್ರಾವಯಲೆಟ್ ಬೆಳಕು ಬಿಟ್ಟು ಜಿಂಕ್ ಆಕ್ಸೈಡ್‌ನ ನ್ಯಾನೊ ಕಡ್ಡಿಗಳನ್ನು ಬೆಳೆಸಿದ್ದಾರೆ.

ಬೆಳ್ಳಿಯ ಪ್ರಯೋಗ ನಮ್ಮ ಎಂ.ಎಸ್ಸಿ. ಲ್ಯಾಬುಗಳಲ್ಲಿ ಇರಲೇಬೇಕು ಅನ್ನುವುದು ನನ್ನ ಆಸೆ. ಹಸಿರು ಎಲ್‌ಇಡಿ ಒಂದು ಕಡೆ, ಕೆಂಪು ಇನ್ನೊಂದು ಕಡೆ ಇಟ್ಟು, ಒಂದೇ ಹಳದಿ ದ್ರಾವಣವನ್ನು ಎರಡು ಪಾಲು ಮಾಡಿ ಹೋಲಿಸಲಿ. ಕೈಗೆ ಗ್ಲೌಸ್ ಮಾತ್ರ ಇರಲಿ, ಸಿಲ್ವರ್ ನೈಟ್ರೇಟ್ ಕಲೆ ಬೇಗ ಹೋಗಲ್ಲ.